ಬಾಡಿಗೆದಾರನ ಸಾಮಾನು ಹೊರಗೆ ಹಾಕಬಹುದೇ?

ಪ್ರಶ್ನೆ: ಶಹಾಬಜಾರಿನಲ್ಲಿ ನಮ್ಮದೊಂದು ಮಳಿಗೆ ಇದೆ, 15 ಅಡಿ ಅಗಲ, 20 ಅಡಿ ಉದ್ದ. ಕರಾರು ಮುಗಿದ ಮೇಲೂ ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಿದ್ದೆ. ಈಗ ಏಳು ತಿಂಗಳಿಂದ ಒಂದು ರೂಪಾಯಿಯೂ ಬಂದಿಲ್ಲ. ಯಜಮಾನರು ತೀರಿಕೊಂಡ ಮೇಲೆ ಆ ಬಾಡಿಗೆಯೇ ನನಗೆ ಆಧಾರ. ‘ನಾಲ್ಕು ಹುಡುಗರನ್ನು ಕರೆತಂದು ಸಾಮಾನು ಹೊರಗೆ ಹಾಕಿ ಬೀಗ ಜಡಿಯುತ್ತೇನೆ’ ಎನ್ನುತ್ತಾನೆ ಮಗ. ನಮ್ಮ ಆಸ್ತಿಯ ಮೇಲೆ ನಮಗೆ ಅಷ್ಟೂ ಹಕ್ಕಿಲ್ಲವೇ?
- ಓದುಗರೊಬ್ಬರು, ಕಲಬುರಗಿ

ಉತ್ತರ: ಅಕ್ಕಾವರೇ, ಮೊದಲು ಮಗನನ್ನು ತಡೆಯಿರಿ. ಮಳಿಗೆ ನಿಮ್ಮದೇ, ಆದರೆ ಸ್ವಾಧೀನ ಬಾಡಿಗೆದಾರನ ಕೈಯಲ್ಲಿದೆ. ಕೀಲಿ ಕೊಟ್ಟವರು ನೀವೇ. ನಮ್ಮ ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ ರಾಮೇಗೌಡ ಪ್ರಕರಣದಲ್ಲಿ ಇದು ಇತ್ಯರ್ಥವಾಗಿದೆ: ನೆಲೆಯೂರಿ ಕುಳಿತವನನ್ನು ನಿಜವಾದ ಮಾಲೀಕನೂ ಕಾನೂನಿನ ಮೂಲಕವೇ ಬಿಡಿಸಬೇಕು. ನೀವು ಬಲದಿಂದ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಮಿನಡಿ ಅವನು ಆರು ತಿಂಗಳೊಳಗೆ ದಾವೆ ಹೂಡಬಹುದು. ಅಲ್ಲಿ ಮಾಲೀಕರು ಯಾರೆಂದು ಕೇಳುವುದೇ ಇಲ್ಲ. ಬಾಡಿಗೆ ಕೊಡದವನೇ ಕೋರ್ಟಿನ ಆದೇಶ ಹಿಡಿದು ಒಳಗೆ ಬರುತ್ತಾನೆ, ನಿಮ್ಮ ಮಗ ಠಾಣೆ ಮೆಟ್ಟಿಲು ಹತ್ತುತ್ತಾನೆ. ಇಂಥ ಅನ್ಯಾಯ ನಿಮಗಾಗುವುದನ್ನು ನಾನು ನೋಡಲಾರೆ.

ಬಲಪ್ರಯೋಗದ ಹಕ್ಕು ಇಲ್ಲವೆಂದಲ್ಲ. ರಾತ್ರಿ ಹೊಲಕ್ಕೆ ನುಗ್ಗಿ ತೊಗರಿ ಚೀಲ ಹೊರುತ್ತಿರುವವನನ್ನು ಅಲ್ಲೇ ತಡೆಯಬಹುದು, ಚೀಲ ಕಸಿದುಕೊಳ್ಳಬಹುದು. ಭಾರತೀಯ ನ್ಯಾಯ ಸಂಹಿತೆಯ 35ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ರಕ್ಷಣೆಗೆ ಬೇಕಾದಷ್ಟೇ ಬಲ. ಸಿಕ್ಕವನನ್ನು ಕಂಬಕ್ಕೆ ಕಟ್ಟಿ ಬಡಿದರೆ ಅದೇ ಅಪರಾಧ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕೇ ಇರುವುದಿಲ್ಲ, ನಿಮಗಂತೂ ಏಳು ತಿಂಗಳ ಸಮಯವಿತ್ತು.

ಈಗ ಮಾಡಬೇಕಾದದ್ದು ಇಷ್ಟು. ವಕೀಲರ ಮೂಲಕ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಡಿ ಮಳಿಗೆ ಬಿಡುವಂತೆ ಬಾಡಿಗೆದಾರನಿಗೆ 15 ದಿನಗಳ ನೋಟಿಸನ್ನು ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಅಂಚೆ ರಸೀದಿ ಜೋಪಾನವಾಗಿಡಿ. ಅವಧಿ ಮುಗಿದರೂ ಬಿಡದಿದ್ದರೆ ತೆರವಿಗೂ ಬಾಕಿಗೂ ಸೇರಿಸಿ ಸಿವಿಲ್ ದಾವೆ. ನಡುವೆ ಅವನು ಹಣ ತಂದರೆ ‘ನೋಟಿಸಿಗೆ ಬಾಧೆ ಬಾರದಂತೆ, ಹಳೆಯ ಬಾಕಿಗೆ ಜಮಾ’ ಎಂದು ರಸೀದಿಯಲ್ಲಿ ಬರೆದೇ ಪಡೆಯಿರಿ. ಸುಮ್ಮನೆ ತೆಗೆದುಕೊಂಡರೆ ನೋಟಿಸನ್ನೇ ಕೈಬಿಟ್ಟಿರಿ ಎಂದು ವಾದಿಸುತ್ತಾರೆ. ಅಲ್ಲಿಯವರೆಗೆ ಕರೆಂಟ್ ಕಡಿತ, ಬೀಗ ಯಾವುದೂ ಬೇಡ.

ಖರ್ಚಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಕರಾರು ಪತ್ರ, ಹಳೆಯ ಬಾಡಿಗೆ ರಸೀದಿಗಳನ್ನು ತೆಗೆದುಕೊಂಡು ಹೋಗಿ, ಮಗನನ್ನೂ ಜೊತೆಗೆ ಕರೆದುಕೊಳ್ಳಿ.