ಟ್ರೇ ಒಲೆಯೊಳಗಿರುವ ನಲವತ್ತು ನಿಮಿಷ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ರೋಬಸ್ಟಾ ಕಾಫಿಯ ಕೊಯ್ಲು ಬಿರುಸಾಗುವ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಕೊಡಗಿನ ದುಡಿಯುವ ದಂಪತಿಗಳು ಇದೇ ದೂರನ್ನು ಬೇರೆ ಬೇರೆ ಮಾತುಗಳಲ್ಲಿ ಆಪ್ತಸಮಾಲೋಚಕಿಯಾದ ನನ್ನ ಮುಂದಿಡುತ್ತಾರೆ.

ಆಕೆ ವಿರಾಜಪೇಟೆ ಕಡೆಯವರು, ಕಚೇರಿ ಉದ್ಯೋಗಿ. ಗಂಡನಿಗೆ ತೋಟ, ಮನೆಯಲ್ಲಿ ಇಬ್ಬರು ಮಕ್ಕಳು ಮತ್ತು ಅತ್ತೆ. ರಾತ್ರಿಯ ಊಟದ ಹೊತ್ತಿಗೆ ದಿನವೂ ಮನಸ್ತಾಪ. ಹೆಂಡತಿಯ ಕೆಲಸ ಹಗುರವಾಗಲೆಂದು ತಾವೇ ಓವನ್ ತಂದುಕೊಟ್ಟಿದ್ದರೂ ಆಕೆಯ ಸಿಡುಕು ಕಡಿಮೆಯಾಗಿಲ್ಲ ಎಂಬುದು ಗಂಡನ ನೋವಾಗಿತ್ತು.

ಎರಡನೆಯ ಭೇಟಿಯಲ್ಲಿ, ಹಿಂದಿನ ಸಂಜೆ ಏನೇನಾಯಿತೆಂದು ಹೇಳುವಂತೆ ಆಕೆಯನ್ನು ಕೇಳಿದೆ. ಕೋಳಿಯ ತುಂಡುಗಳಿಗೆ ಉಪ್ಪು, ಅರಿಶಿನ, ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಮತ್ತು ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸವರಿ, ಗೆಣಸು, ಸಿಹಿಗುಂಬಳ, ಈರುಳ್ಳಿಯ ಜೊತೆ ಒಂದೇ ಟ್ರೇಯಲ್ಲಿ ಹರಡಿ, 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿಟ್ಟರೆ ಸುಮಾರು 40 ನಿಮಿಷದಲ್ಲಿ ಎಲ್ಲವೂ ಬೇಯುತ್ತದೆ ಎಂದು ಆಕೆ ಸಂತೋಷದಿಂದಲೇ ವಿವರಿಸಿದರು. ಆ 40 ನಿಮಿಷ ನೀವು ಏನು ಮಾಡುತ್ತೀರಿ ಎಂದು ಕೇಳಿದೆ.

“ಅತ್ತೆಗೆ ಸಾರು ಮಾಡ್ತೇನೆ ಮೇಡಂ. ಇವರಿಗೆ ಅಕ್ಕಿ ಒಟ್ಟಿ ತಟ್ಟುತ್ತೇನೆ.”

ಗಂಡ ತಕ್ಷಣ ಆಕೆಯತ್ತ ತಿರುಗಿ, “ಒಟ್ಟಿ ಬೇಕೇ ಬೇಕು ಅಂತ ನಾನು ಯಾವತ್ತು ಹೇಳಿದ್ದೇನೆ?” ಎಂದರು.

“ಬೇಡ ಅಂತಲೂ ಹೇಳಿಲ್ಲವಲ್ಲ.”

ಆತ ಮರುಮಾತಾಡಲಿಲ್ಲ. ಅನ್ನಕ್ಕೆ ಅಕ್ಕಿಹಿಟ್ಟು ಕಲಸಿ, ನಾದಿ, ತೆಳ್ಳಗೆ ತಟ್ಟಿ, ಒಂದೊಂದಾಗಿ ಬೇಯಿಸಿ ಉಬ್ಬಿಸಬೇಕಾದ ಒಟ್ಟಿಯು, ಅಂದರೆ ಕೊಡಗಿನ ಅಕ್ಕಿರೊಟ್ಟಿಯು, ಎಷ್ಟು ಹೊತ್ತಿನ ಕೆಲಸವೆಂದು ಆ ಮನೆಯಲ್ಲಿ ಬೆಳೆದ ಅವರಿಗೆ ತಿಳಿಯದ ವಿಷಯವಲ್ಲ. ಓವನ್ ಬಂದ ಮೇಲೆ ಆಕೆಯ ಪಾಲಿಗೆ ಹಳೆಯ ಅಡುಗೆಯ ಮೇಲೆ ಹೊಸದೊಂದು ಅಡುಗೆ ಸೇರಿತ್ತು, ಅಷ್ಟೇ.

ಸಲಹೆಯನ್ನು ನಾನು ಮೊದಲು ಕೊಟ್ಟದ್ದು ಗಂಡನಿಗೆ. ಟ್ರೇ ಇಡುವ ದಿನ ಒಟ್ಟಿ ಬೇಡವೆಂದು ನೀವೇ ಬಾಯಿಬಿಟ್ಟು, ತಾಯಿಯ ಎದುರಿಗೇ ಹೇಳಬೇಕು. ವಾರದಲ್ಲಿ ಎರಡು ದಿನ ಆ ಟ್ರೇಯನ್ನು ನೀವೇ ಸಿದ್ಧಪಡಿಸಬೇಕು ಎಂದೆ. ಹೆಂಡತಿಗೆ ಹೇಳಿದ್ದು ಇಷ್ಟೇ: ಆ ದಿನ ಕುಕ್ಕರಿನಲ್ಲಿ ಅನ್ನವೊಂದು ಆದರೆ ಸಾಕು, ಉಳಿದ ಸಮಯ ಕುಳಿತುಕೊಳ್ಳಿ.

ಆಪ್ತಸಮಾಲೋಚಕಿ ಅಡುಗೆಮನೆಯ ವೇಳಾಪಟ್ಟಿಯಲ್ಲಿ ಏಕೆ ತಲೆಹಾಕಬೇಕು ಎಂದು ಕೇಳುವವರಿದ್ದಾರೆ. “ಪರಸ್ಪರ ಅರ್ಥಮಾಡಿಕೊಳ್ಳಿ” ಎಂದಷ್ಟೇ ಹೇಳಿ ಕಳುಹಿಸಿದರೆ ಅರ್ಥಮಾಡಿಕೊಳ್ಳುವ ಹೊಣೆಯೂ ಕೊನೆಗೆ ಹೆಂಗಸಿನ ಹೆಗಲಿಗೇ ಬೀಳುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಹಿರಿಯರ ಊಟದ ಪದ್ಧತಿಯನ್ನು ಕೆಡಿಸುತ್ತಿದ್ದೇನೆ ಎಂಬ ಆಕ್ಷೇಪಣೆಯನ್ನೂ ನಾನು ಒಪ್ಪುವುದಿಲ್ಲ. ಪುತ್ತರಿಗೋ ಕೈಲ್‌ಪೊಳ್ದಿಗೋ ಮಾಡುವ ಅಡುಗೆಯನ್ನು ಯಾರೂ ಬಿಡಬೇಕಿಲ್ಲ; ದಣಿದು ಬಂದ ಮಂಗಳವಾರದ ರಾತ್ರಿಗೆ ಹಬ್ಬದ ಅಳತೆಗೋಲು ಬೇಡ ಎಂದಷ್ಟೇ ನನ್ನ ವಾದ.

ಗಂಡ ಕಾಗದ ಕೇಳಿ ಬರೆದುಕೊಂಡದ್ದು ನನಗೆ ಹಿಡಿಸಿತು. ಗೆಣಸು ಗಟ್ಟಿಯಾದ್ದರಿಂದ ಅದನ್ನು ಕುಂಬಳಕ್ಕಿಂತ ಚಿಕ್ಕದಾಗಿ ಹೆಚ್ಚಬೇಕು. ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ತಮ್ಮ ನೀರಿನಲ್ಲೇ ಬೆಂದು ಮೆತ್ತಗಾಗುತ್ತವೆ, ಕೆಂಪಗಾಗುವುದಿಲ್ಲ. ಕಾಚಂಪುಳಿ ಬಹಳ ಹುಳಿಯಾದ್ದರಿಂದ ಬರೀ ಅಲ್ಯೂಮಿನಿಯಂ ಟ್ರೇ ಬೇಡ, ಸ್ಟೀಲ್ ಅಥವಾ ಓವನ್ನಿಗೆ ಒಗ್ಗುವ ಗಾಜಿನದು ಒಳ್ಳೆಯದು. ಕೋಳಿಯ ದಪ್ಪ ತುಂಡಿನ ಒಳಭಾಗ 74 ಡಿಗ್ರಿ ಮುಟ್ಟಿರಬೇಕು. ಅಳೆಯುವ ಸಾಧನವಿಲ್ಲದಿದ್ದರೆ ಮೂಳೆಯ ಪಕ್ಕದಲ್ಲಿ ಸೀಳಿ, ಹಸಿ ಇಲ್ಲವೆಂದು ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಇದೇ ಪದಾರ್ಥಗಳನ್ನು ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ, ಗ್ಯಾಸಿನ ಸಣ್ಣ ಉರಿಯಲ್ಲಿ ಬೇಯಿಸಬಹುದು.

ಮುಂದಿನ ಭೇಟಿಯಲ್ಲಿ ತಿಳಿದಂತೆ, ಅತ್ತೆಗೆ ರಾತ್ರಿ ಬೇಕಿದ್ದದ್ದು ಗಂಜಿ ಮತ್ತು ಮೆತ್ತಗಿನ ಒಂದೆರಡು ಹೋಳು ಕುಂಬಳ ಮಾತ್ರ. ಸಾರು ಬೇಕೇ ಎಂದು ಅವರನ್ನೂ ಯಾರೂ ಕೇಳಿರಲಿಲ್ಲ. ಗಂಡ ವಾರಕ್ಕೊಂದು ದಿನ ಟ್ರೇ ಇಡುತ್ತಿದ್ದಾರೆ, ಎರಡನೆಯ ದಿನ ಕೊಯ್ಲಿನ ನೆಪದಲ್ಲಿ ತಪ್ಪುತ್ತಿದೆ. ಅದನ್ನೂ ಮಕ್ಕಳ ಬೆಳಗಿನ ಡಬ್ಬಿಯ ವಿಷಯವನ್ನೂ ಮಾತಾಡಲು ಇಬ್ಬರನ್ನೂ ಮತ್ತೆ ಬರಹೇಳಿದ್ದೇನೆ.