ಆಪ್ತಸಲಹೆ ಪ್ರಕರಣ: ವಾಕಿಂಗ್ ಶುರು ಮಾಡ್ತೀನಿ, ವಾರದಲ್ಲಿ ನಿಂತುಹೋಗುತ್ತೆ

(ಗುರುತು ಸಿಗದಂತೆ ಹೆಸರು, ಊರು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ.)

ಇವರನ್ನು ಸರಳಾ ಎಂದು ಕರೆಯೋಣ. ವಯಸ್ಸು 44. ಶಿವಮೊಗ್ಗದ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸ. ಮನೆಯಲ್ಲಿ ಗಂಡ, ಪಿಯುಸಿ ಓದುವ ಮಗ, ವಯಸ್ಸಾದ ಅತ್ತೆ. ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಮಟ್ಟ ಹೇಳುವ ಎಚ್‌ಬಿಎ1ಸಿ 6.1 ಬಂದಿತ್ತು. ಇದು 5.7ರಿಂದ 6.4ರೊಳಗಿದ್ದರೆ ಜನ 'ಶುಗರ್ ಬಾರ್ಡರ್‌ನಲ್ಲಿದೆ' ಅಂತಾರಲ್ಲ, ಅದು. ವೈದ್ಯರು ದಿನಾ ನಡೆಯಿರಿ ಎಂದಿದ್ದರು.

"ಮೇಡಂ, ನನ್ನ ಮನಸ್ಸೇ ಗಟ್ಟಿ ಇಲ್ಲ" ಎಂದು ಮಾತು ಶುರು ಮಾಡಿದರು. ಯುಗಾದಿಗೆ ಶುರು ಮಾಡಿದ್ದು, ಸೋಮವಾರ ಶುರು ಮಾಡಿದ್ದು, ಯಾವುದೂ ವಾರ ದಾಟಲಿಲ್ಲ. ನೆಂಟರು ಬಂದರು, ಮಳೆ ಹಿಡಿಯಿತು, ಮುಟ್ಟಾಯಿತು. ಒಂದು ದಿನ ತಪ್ಪಿದರೆ 'ಹೋಯ್ತು ಬಿಡು' ಅನಿಸುತ್ತಿತ್ತು. ಜಿಮ್‌ಗೆ ವರ್ಷದ ಫೀಸು ಕಟ್ಟಿ ಎರಡನೇ ತಿಂಗಳಿಗೇ ಬಿಟ್ಟಿದ್ದರು. ಆ ದುಡ್ಡಿನ ಮಾತು ಮನೆಯಲ್ಲಿ ಈಗಲೂ ಬರುತ್ತಿತ್ತು.

ಮನಸ್ಸು ಗಟ್ಟಿ ಇಲ್ಲ ಅನ್ನೋದನ್ನು ನಾನು ಒಪ್ಪಲಿಲ್ಲ. ತಿಂಡಿ, ಡಬ್ಬಿ, ಅತ್ತೆಯ ಬಿಪಿ ಮಾತ್ರೆ, ಆಫೀಸು, ಸಂಜೆ ಮತ್ತೆ ಅಡುಗೆ. ಇಷ್ಟನ್ನು ವರ್ಷಾನುಗಟ್ಟಲೆ ತಪ್ಪದೆ ಮಾಡಿದವರು ಅವರು. ಹಾಗಾಗಿ ಮನಸ್ಸಿನ ಸಂಗತಿ ಬಿಟ್ಟು, ವಾಕಿಂಗ್ ಶೂ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ.

ಅಟ್ಟದ ಮೇಲೆ, ಡಬ್ಬದೊಳಗೆ. ಹೊರಗೆ ಬಿಟ್ಟರೆ ನಾಯಿ ಕಚ್ಚಿಕೊಂಡು ಹೋಗುತ್ತೆ ಅಂತ. ಇಳಿಸೋಕೆ ಸ್ಟೂಲ್ ಬೇಕು. ಸ್ಟೂಲ್ ಇರೋದು ಅತ್ತೆ ಮಲಗುವ ಕೋಣೆಯಲ್ಲಿ. ಬೆಳಗಿನ ಐದಕ್ಕೆ ಎದ್ದು, ಅತ್ತೆಗೆ ಎಚ್ಚರವಾಗದಂತೆ ಸ್ಟೂಲ್ ತಂದು, ಶೂ ಇಳಿಸಿ, ಆರಕ್ಕೆ ವಾಪಸ್ ಬಂದು ಒಲೆ ಹಚ್ಚಬೇಕು. ಇದನ್ನೆಲ್ಲ ಹೇಳುತ್ತಾ ಅವರೇ ನಕ್ಕುಬಿಟ್ಟರು.

ಬೆಳಿಗ್ಗೆಯೇ ಯಾಕೆ ಎಂದು ಕೇಳಿದೆ. "ಎಲ್ಲರೂ ಬೆಳಿಗ್ಗೆನೇ ಹೋಗ್ತಾರಲ್ವಾ?" ಅಂದರು. ಮನೆಯ ಹೆಂಗಸಿಗೆ ಬೆಳಗಿನ ಹೊತ್ತು ಅವಳದ್ದಲ್ಲ. ಇದನ್ನು ಗಮನಿಸದೆ 'ಬೇಗ ಏಳಿ' ಅನ್ನುವ ಸಲಹೆ ನನಗೆ ಅನ್ಯಾಯ ಅನಿಸುತ್ತದೆ. ಅವರು ಏಳುವುದು ಆಗಲೇ ಬೇಗ.

ಆಮೇಲೆ, ಮೈ ದಣಿದರೂ ಖುಷಿಯಾಗಿದ್ದು ಯಾವಾಗ ಎಂದು ಕೇಳಿದೆ. ಕಾಲೇಜಿನಲ್ಲಿ ಥ್ರೋಬಾಲ್ ಆಡುವಾಗ, ಅಂದರು. ಮಾತಿನ ವೇಗವೇ ಬದಲಾಯಿತು. ಆಟಕ್ಕಿಂತ ಜಾಸ್ತಿ ಅವರಿಗೆ ಬೇಕಾಗಿದ್ದು ಜೊತೆ. ಒಬ್ಬರೇ ಗಡಿಯಾರ ನೋಡುತ್ತಾ ನಡೆಯೋದು ಅವರಿಗೆ ಶಿಕ್ಷೆಯಂತಿತ್ತು.

ಕೊಟ್ಟ ಸಲಹೆ ಹೀಗಿತ್ತು. ಬೆಳಗಿನ ಅಲಾರಂ ತೆಗೆದುಬಿಡಿ. ಶೂ ಆಫೀಸಿನ ಮೇಜಿನ ಕೆಳಗಿರಲಿ. ಸಂಜೆ ಲೆಕ್ಕ ಮುಗಿಸಿ ಬೀರು ಬೀಗ ಹಾಕಿದ ತಕ್ಷಣ ಶೂ ಹಾಕಿಕೊಳ್ಳಿ. ಆ ಬೀಗ ದಿನಾ ತಪ್ಪಲ್ಲ, ಅದರ ಬೆನ್ನಿಗೇ ಶೂ ಬರಲಿ. ಬಸ್ಸನ್ನು ಎರಡು ಸ್ಟಾಪ್ ಮುಂದೆ ಹತ್ತಿ, ಅಲ್ಲಿವರೆಗೆ ಅದೇ ದಾರಿಯ ಸಹೋದ್ಯೋಗಿ ಜೊತೆ ನಡೆಯಿರಿ. ಮಾತಾಡೋಕೆ ಆಗಬೇಕು, ಹಾಡೋಕೆ ಉಸಿರು ಸಾಲಬಾರದು, ಅಷ್ಟು ವೇಗ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತದೆ. ಅಲ್ಲಿಗೆ ನಿಧಾನಕ್ಕೆ ಹೋಗೋಣ. ಮೊದಲು ದಿನಕ್ಕೆ ಹದಿನೈದು ನಿಮಿಷ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು.

ಮಲೆನಾಡಿನ ಮಳೆಗೆ ಮೊದಲೇ ಉತ್ತರ ಬರೆದಿಟ್ಟುಕೊಂಡೆವು: 'ಮಳೆ ಬಂದರೆ ಊಟದ ನಂತರ ಜಗಲಿಯಲ್ಲಿ ಹತ್ತು ನಿಮಿಷ.' ಹೀಗೆ 'ಇಂಥದ್ದಾದರೆ ಇಂಥದ್ದು ಮಾಡ್ತೀನಿ' ಅಂತ ಗೊತ್ತು ಮಾಡಿಕೊಳ್ಳುವುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ ಬಹಳ ಅಧ್ಯಯನ ಮಾಡಿದ್ದಾರೆ. ಆ ಹೊತ್ತಿಗೆ ಮನಸ್ಸಿನ ಜೊತೆ ಚೌಕಾಸಿ ಮಾಡೋದು ತಪ್ಪುತ್ತದೆ.

'ಹೋಯ್ತು ಬಿಡು' ಅನ್ನುವುದೇ ಅವರಿಗೆ ದೊಡ್ಡ ತೊಡಕು. ಅದಕ್ಕೆ ಫಿಲಿಪಾ ಲಾಲಿ ಮತ್ತು ಸಂಗಡಿಗರು ಲಂಡನ್‌ನಲ್ಲಿ 96 ಜನರ ಮೇಲೆ ನಡೆಸಿದ ಅಧ್ಯಯನದ ಬಗ್ಗೆ ಹೇಳಿದೆ. ಹೊಸ ಅಭ್ಯಾಸ ತಾನಾಗೇ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದರೆ, ಇನ್ನು ಕೆಲವರಿಗೆ 254ರವರೆಗೂ ಬೇಕೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ. "ಹೌದಾ? ಒಂದು ದಿನ ಬಿಟ್ಟರೂ?" ಎಂದು ಎರಡು ಸಲ ಕೇಳಿದರು.

ಮನೆಯವರನ್ನೂ ಒಮ್ಮೆ ಕರೆಸಿದೆ. ಜಿಮ್ ಫೀಸಿನ ಮಾತು ಎತ್ತಬೇಡಿ, ಸಂಜೆ ಕುಕ್ಕರ್ ನೀವೇ ಇಡಿ ಎಂದೆ. ಮಾತು ಬಿಡೋದು ಅವರಿಗೆ ಸುಲಭವಾಗಲಿಲ್ಲ. ಕುಕ್ಕರ್ ಮಾತ್ರ ತಪ್ಪದೆ ಇಟ್ಟರು.

ದೀಪಾವಳಿಗೆ ವಾರವಿಡೀ ತಪ್ಪಿತ್ತು. ಹಬ್ಬ ಮುಗಿಸಿ ಆಫೀಸಿಗೆ ಹೋದ ದಿನವೇ ಸರಳಾ ಶೂ ಹಾಕಿದರು, ನನ್ನನ್ನು ಕೇಳದೆ. ತೂಕ ಹೆಚ್ಚೇನೂ ಇಳಿದಿಲ್ಲ. ಅದನ್ನು ಅಳತೆಗೆ ಹಿಡಿಯಬೇಡಿ, ನಿದ್ದೆ ಮತ್ತು ಮೆಟ್ಟಿಲು ಹತ್ತುವಾಗಿನ ಉಸಿರು ಗಮನಿಸಿ ಎಂದಿದ್ದೇನೆ. ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿ, ಹಾಗಾಗಿ ಮುಂದಿನ ಪರೀಕ್ಷೆಗೆ ಅವಸರವಿಲ್ಲ. ಈಗ ಭಾನುವಾರ ಸಂಜೆ ಬಡಾವಣೆಯ ಪಾರ್ಕಿನಲ್ಲಿ ಹೆಂಗಸರನ್ನು ಸೇರಿಸಿ ಥ್ರೋಬಾಲ್ ಆಡುವ ಯೋಚನೆಯಲ್ಲಿದ್ದಾರೆ. ನೆಟ್ ತರೋದು ಯಾರು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ.