ಮೊದಲು ಹೊಡೆಯಲ್ಲ ಅಂದಮೇಲೆ ಅಗ್ನಿ-5 ಯಾಕೆ ಬೇಕು?

ಭಾರತ ತಾನಾಗಿ ಮೊದಲು ಅಣ್ವಸ್ತ್ರ ಬಳಸುವುದಿಲ್ಲ ಎಂದು ಹೇಳಿದೆ, ಹಾಗಿದ್ದರೆ ಕ್ಷಿಪಣಿ, ಜಲಾಂತರ್ಗಾಮಿಗಳಿಗೆ ಇಷ್ಟು ದುಡ್ಡು ಸುರಿಯುವುದು ಯಾಕೆ ಎಂದು ಕೇಳಿದ್ದೀರಿ. ಆ ಮಾತು ಕೊಟ್ಟಿರುವುದರಿಂದಲೇ ಇವೆಲ್ಲ ಬೇಕಾಗಿವೆ ಎಂದು ನನಗನ್ನಿಸುತ್ತದೆ.

2003ರ ಜನವರಿಯಲ್ಲಿ ಸರ್ಕಾರ ಪ್ರಕಟಿಸಿದ ನೀತಿಯಲ್ಲಿ ಇನ್ನೊಂದು ಮಾತೂ ಇದೆ: ಯಾರಾದರೂ ನಮ್ಮ ಮೇಲೆ ಬಳಸಿದರೆ, ಅವರು ತಡೆದುಕೊಳ್ಳಲಾಗದಷ್ಟು ತಿರುಗಿ ಹೊಡೆಯುತ್ತೇವೆ. ಅದಕ್ಕೆ ಮೊದಲ ಏಟು ತಿಂದ ಮೇಲೂ ನಮ್ಮ ಹತ್ತಿರ ಏನಾದರೂ ಉಳಿದಿರಬೇಕು, ಅಲ್ವಾ? ಉಳಿಯುತ್ತದೆ ಎಂದು ಎದುರಿನವನಿಗೂ ಗೊತ್ತಿರಬೇಕು.

1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆಯ ಸುದ್ದಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಬಾಂಬ್ ಇದ್ದರೆ ಮುಗೀತು ಎಂದುಕೊಂಡಿದ್ದೆ. ಆದರೆ 1974ರಲ್ಲಿ ನಮ್ಮ ತಿಪಟೂರಿನ ವಿಜ್ಞಾನಿ ರಾಜಾ ರಾಮಣ್ಣ ಮುಂದೆ ನಿಂತು ಮೊದಲ ಅಣು ಪರೀಕ್ಷೆ ಮಾಡಿಸಿದ ಮೇಲೂ, ಬಾಂಬನ್ನು ದೂರಕ್ಕೆ ಒಯ್ಯಬಲ್ಲ ಅಗ್ನಿ ಕ್ಷಿಪಣಿ ಮೊದಲ ಸಲ ಹಾರಲು 1989ರ ಮೇ ತನಕ ಕಾಯಬೇಕಾಯಿತು. ಆ ಅಗ್ನಿಯ ಎರಡನೇ ಹಂತಕ್ಕೆ ದ್ರವ ಇಂಧನ. ಅದನ್ನು ತುಂಬುವುದು, ಸಾಗಿಸುವುದು ದೊಡ್ಡ ತಾಪತ್ರಯ. ಈಗಿನ ಅಗ್ನಿಗಳಲ್ಲಿ ಪೂರ್ತಿ ಘನ ಇಂಧನ. ಒಮ್ಮೆ ಎರಕ ಹೊಯ್ದರೆ ವರ್ಷಗಟ್ಟಲೆ ಸಿದ್ಧವಾಗಿ ಕೂತಿರುತ್ತದೆ.

ಅಗ್ನಿ-5 ಸುಮಾರು 50 ಟನ್ ತೂಕ, 5,000 ಕಿ.ಮೀ. ದೂರ ಹೋಗುತ್ತದೆ. ಅದನ್ನು ಮುಚ್ಚಿದ ಕೊಳವೆಯೊಳಗಿಟ್ಟು ಲಾರಿಯ ಮೇಲೆ ಸಾಗಿಸುತ್ತಾರೆ. ಹಾರಿಸುವಾಗ ಕೊಳವೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಅಡಿಯಿಂದ ಅನಿಲ ಒತ್ತಿ ಕ್ಷಿಪಣಿಯನ್ನು ಹೊರಗೆ ಚಿಮ್ಮಿಸುತ್ತದೆ. ಅದು ಗಾಳಿಯಲ್ಲಿರುವಾಗಲೇ ಅದರ ಇಂಧನ ಹೊತ್ತಿಕೊಳ್ಳುತ್ತದೆ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಎಲ್ಲಿದೆ ಎಂದೇ ತಿಳಿಯದ್ದನ್ನು ಮೊದಲ ಏಟಿಗೆ ಮುಗಿಸುವುದು ಕಷ್ಟ.

ನನಗೆ ಕಳವಳ ಆಗುವುದೂ ಇಲ್ಲೇ. ಸಿಡಿತಲೆ (ಕ್ಷಿಪಣಿಯ ತುದಿಗೆ ಕೂರಿಸುವ ಬಾಂಬ್) ಮತ್ತು ಕ್ಷಿಪಣಿ ಬೇರೆ ಬೇರೆ ಇದ್ದಷ್ಟು ದಿನ ಯೋಚಿಸಲು ಸಮಯ ಸಿಗುತ್ತದೆ. ಮುಚ್ಚಿದ ಕೊಳವೆಯಲ್ಲಿ ಎರಡನ್ನೂ ಮೊದಲೇ ಜೋಡಿಸಿಟ್ಟರೆ ಆ ಸಮಯ ಕಡಿಮೆಯಾಗುತ್ತದೆ. 2024ರ ಮಾರ್ಚ್‌ನಲ್ಲಿ ಒಂದೇ ಅಗ್ನಿ-5ರಿಂದ ಹಲವು ಸಿಡಿತಲೆ ಬಿಡುವ ಪರೀಕ್ಷೆಯೂ ಆಯಿತು. ಹಾಗಾಗಿ ಈ ಪ್ರಶ್ನೆ ಇನ್ನೂ ಜಾಸ್ತಿ ಚರ್ಚೆಯಾಗಬೇಕು.

ನನ್ನ ಪ್ರಕಾರ ಜಲಾಂತರ್ಗಾಮಿಯೇ ಹೆಚ್ಚು ಭದ್ರ. ನಮ್ಮ ಅಣ್ವಸ್ತ್ರ ಹೊರುವ ಜಲಾಂತರ್ಗಾಮಿ ಅರಿಹಂತ್ 2018ರಲ್ಲಿ ಮೊದಲ ಗಸ್ತು ಮುಗಿಸಿತು. ಅದರ ಕೆ-15 ಕ್ಷಿಪಣಿ ಹೋಗುವುದು ಬರೀ 750 ಕಿ.ಮೀ. ಅಷ್ಟಕ್ಕೆ ಶತ್ರುವಿನ ಕರಾವಳಿಯ ಹತ್ತಿರವೇ ಹೋಗಬೇಕು. 3,500 ಕಿ.ಮೀ.ಯ ಕೆ-4 ಬೇಕಾಗಿದ್ದು ಅದಕ್ಕೇ. 2024ರ ಆಗಸ್ಟ್‌ನಲ್ಲಿ ಅಂಥದ್ದೇ ಇನ್ನೊಂದು ಜಲಾಂತರ್ಗಾಮಿ ಅರಿಘಾತ್ ಕೂಡ ನೌಕಾಪಡೆಗೆ ಸೇರಿತು. ಒಂದೇ ಇದ್ದರೆ, ಅದು ರಿಪೇರಿಗೆ ಬಂದರಿಗೆ ಬಂದ ದಿನ ಕಡಲಲ್ಲಿ ಯಾರೂ ಇರುವುದಿಲ್ಲ.